ತೂಬು ಮುಚ್ಚಿದ ಮೇಲೂ ಹಸಿರು

ಹೃದಯದ ರಕ್ತನಾಳ ಕಟ್ಟಿಕೊಂಡರೆ ಏನಾಗುತ್ತದೆ ಎಂಬುದು ಇವತ್ತು ಅರಳಿಕಟ್ಟೆಯ ಮೇಲೆ ಕುಳಿತವರಿಗೂ ಗೊತ್ತು. ‘ಬ್ಲಾಕ್ ಆಗಿತ್ತಂತೆ, ಸ್ಟೆಂಟ್ ಹಾಕಿದ್ರಂತೆ’ ಎಂಬ ಮಾತು ಒಮ್ಮೆಯಾದರೂ ಬಂದುಹೋಗದ ಮನೆ ಕಡಿಮೆ. ರಕ್ತ ಬರುವ ದಾರಿ ಮುಚ್ಚಿದರೆ ಅಂಗ ಸಾಯುತ್ತದೆ. ಹೃದಯದಲ್ಲಾದರೆ ಹೃದಯಾಘಾತ, ಮಿದುಳಿನಲ್ಲಾದರೆ ಪಾರ್ಶ್ವವಾಯು.

ಇಷ್ಟು ತಿಳಿದವರೇ ಅದೇ ಆಸ್ಪತ್ರೆಯ ಇನ್ನೊಂದು ವಾರ್ಡಿನಲ್ಲಿ ಗಲಿಬಿಲಿಗೊಳ್ಳುತ್ತಾರೆ. ಅಲ್ಲಿ ಬೈಕಿನಿಂದ ಬಿದ್ದು, ಎಡಪಕ್ಕೆಗೆ ಹ್ಯಾಂಡಲ್ ಬಡಿದ ಹುಡುಗ ಮಲಗಿದ್ದಾನೆ. ಹೊಟ್ಟೆಯೊಳಗೆ ರಕ್ತ ಸೇರಿದೆ. ಡಾಕ್ಟರು ಮನೆಯವರಿಗೆ ಹೇಳುತ್ತಾರೆ: ‘ಗುಲ್ಮ ಸೀಳಿದೆ. ಹೊಟ್ಟೆ ಕೊಯ್ಯುವುದು ಬೇಡ. ತೊಡೆಸಂದಿನಿಂದ ಸಣ್ಣ ಕೊಳವೆ ಬಿಟ್ಟು, ಗುಲ್ಮಕ್ಕೆ ರಕ್ತ ತರುವ ದೊಡ್ಡ ನಾಳವನ್ನೇ ಮುಚ್ಚುತ್ತೇವೆ. ಗುಲ್ಮ ಉಳಿಯುತ್ತದೆ.’

ದೊಡ್ಡ ನಾಳವನ್ನೇ ಮುಚ್ಚಿದರೆ ಗುಲ್ಮ ಉಳಿಯುವುದಾದರೂ ಹೇಗೆ? ಹೃದಯಕ್ಕೆ ಕುತ್ತಾಗುವ ಸಂಗತಿ ಗುಲ್ಮಕ್ಕೆ ಮದ್ದಾಗುವುದೆಂತು? ಆ ಮನೆಯವರಿಗೆ ಹುಟ್ಟಿದ ಸಂದೇಹ ನ್ಯಾಯವಾದದ್ದು. ಅದಕ್ಕೆ ಸಿಗುವ ಉತ್ತರದಲ್ಲೇ ಗುಲ್ಮದ ರಕ್ತನಾಳಗಳ ಆಧುನಿಕ ಚಿಕಿತ್ಸೆಯ ತಿರುಳೆಲ್ಲ ಇದೆ.

ಶ್ಯಾವಿಗೆ ಒರಳಿನ ಪರೀಕ್ಷೆ

ಎಡಗಡೆ, ಒಂಬತ್ತರಿಂದ ಹನ್ನೊಂದನೆಯ ಪಕ್ಕೆಲುಬುಗಳ ಮರೆಯಲ್ಲಿ, ಜಠರದ ಪಕ್ಕಕ್ಕೆ ಆತುಕೊಂಡಿರುವ ಕಡುನೇರಳೆ ಬಣ್ಣದ ಮೆದು ಅಂಗವೇ ಗುಲ್ಮ. ಗಾತ್ರ ಒಂದು ಮುಷ್ಟಿಯಷ್ಟು, ತೂಕ 150ರಿಂದ 200 ಗ್ರಾಂ. (ಆಯುರ್ವೇದದಲ್ಲಿ ಈ ಅಂಗಕ್ಕೆ ಪ್ಲೀಹ ಎಂಬ ಹೆಸರು; ಅಲ್ಲಿ ಗುಲ್ಮ ಎಂದರೆ ಹೊಟ್ಟೆಯ ಗಂಟಿನ ಒಂದು ರೋಗ. ಹಳೆಯ ಗ್ರಂಥ ಓದುವವರು ಎರಡನ್ನೂ ಬೆರೆಸಿಕೊಳ್ಳಬಾರದು.) ಆರೋಗ್ಯವಂತರ ಹೊಟ್ಟೆ ಒತ್ತಿ ನೋಡಿದರೆ ಗುಲ್ಮ ಕೈಗೆ ಸಿಗುವುದಿಲ್ಲ. ಮಲೇರಿಯಾ ಮನೆಮನೆಯಲ್ಲಿ ಬೀಡುಬಿಟ್ಟಿದ್ದ ಕಾಲದಲ್ಲಿ ಮಾತ್ರ ಮಲೆನಾಡಿನವರಿಗೆ ಅದು ಚೆನ್ನಾಗಿ ಪರಿಚಯವಿತ್ತು. ಚಳಿಜ್ವರ ಬಂದು ಬಂದು ಊದಿಕೊಂಡ ಗುಲ್ಮವನ್ನು ಅವರು ಜ್ವರಗಡ್ಡೆ ಎನ್ನುತ್ತಿದ್ದರು. ಉತ್ತರ ಭಾರತದಲ್ಲಿ 1840ರ ದಶಕದಲ್ಲೇ ಡೆಂಪ್‌ಸ್ಟರ್ ಎಂಬ ಸೇನಾ ವೈದ್ಯ ಯಮುನಾ ನಾಲೆಗಳ ದಂಡೆಯ ಊರುಗಳಲ್ಲಿ ಜನರ ಹೊಟ್ಟೆ ಮುಟ್ಟಿ ನೋಡಿ, ಎಷ್ಟು ಮಂದಿಗೆ ಗುಲ್ಮ ದಪ್ಪಗಾಗಿದೆ ಎಂದು ಎಣಿಸಿ, ಅದರಿಂದ ಊರಿನ ಜ್ವರದ ತೀವ್ರತೆಯನ್ನು ಅಳೆದಿದ್ದ.

ಇಷ್ಟಕ್ಕೂ ಗುಲ್ಮ ಮಾಡುವ ಕೆಲಸವೇನು? ಕೆಂಪು ರಕ್ತಕಣವೊಂದರ ಆಯುಸ್ಸು ಸುಮಾರು 120 ದಿನ. ಅಷ್ಟರಲ್ಲಿ ಅದು ಗುಲ್ಮದ ಮೂಲಕ ಮತ್ತೆ ಮತ್ತೆ ಹಾದುಹೋಗುತ್ತದೆ. ಒಳಗೆ ಅದಕ್ಕೊಂದು ಪರೀಕ್ಷೆ ಕಾದಿರುತ್ತದೆ. ತನ್ನ ಅಗಲಕ್ಕಿಂತ ಎಷ್ಟೋ ಕಿರಿದಾದ ಸೀಳುಗಳಲ್ಲಿ ಅದು ನುಸುಳಿ ಆಚೆ ಬೀಳಬೇಕು. ಶ್ಯಾವಿಗೆ ಒರಳಿನ ತೂತಿನಲ್ಲಿ ಹದವಾದ ಹಿಟ್ಟು ಎಳೆಯಾಗಿ ಇಳಿಯುತ್ತದೆ, ಒಣಗಿ ಗಟ್ಟಿಯಾದದ್ದು ಅಲ್ಲೇ ನಿಲ್ಲುತ್ತದೆ. ಎಳೆಯ ಕಣ ಬಾಗಿ ಬಳುಕಿ ದಾಟಿದರೆ, ಮುದಿಯಾಗಿ ಬಿರುಸಾದ ಕಣ ಸಿಕ್ಕಿಬೀಳುತ್ತದೆ, ಕಾವಲು ಕಣಗಳು ಅದನ್ನು ನುಂಗುತ್ತವೆ. ಎಳೆಯ ಕಣದೊಳಗೆ ಏನಾದರೂ ಕಸ ಉಳಿದಿದ್ದರೆ, ಹುಣಿಸೆಹಣ್ಣಿನಿಂದ ಬೀಜ ಹಿಸುಕಿ ತೆಗೆದಂತೆ ಅಷ್ಟನ್ನು ಮಾತ್ರ ತೆಗೆದು ಕಣವನ್ನು ಮುಂದೆ ಬಿಡುವ ಕುಶಲತೆಯೂ ಗುಲ್ಮಕ್ಕಿದೆ. ಇದರ ಜತೆಗೆ, ಮೈಮೇಲೆ ಜಾರುವ ಕವಚ ಹೊದ್ದು ಬರುವ ಕೆಲವು ಬ್ಯಾಕ್ಟೀರಿಯಾಗಳನ್ನು ಗುರುತಿಸಿ ಹಿಡಿಯುವುದರಲ್ಲಿ ಗುಲ್ಮದ ಸಮಕ್ಕೆ ಬೇರೆ ಅಂಗವಿಲ್ಲ.

ಇಷ್ಟೆಲ್ಲ ಸೋಸಬೇಕೆಂದರೆ ರಕ್ತ ಧಾರಾಳವಾಗಿ ಬರಬೇಕು. ದೇಹದ ತೂಕದಲ್ಲಿ ಶೇ. 1ರಷ್ಟೂ ಇಲ್ಲದ ಈ ಅಂಗಕ್ಕೆ ಹೃದಯ ಹೊರಹಾಕುವ ರಕ್ತದ ಸುಮಾರು ಶೇ. 5 ಹರಿಯುತ್ತದೆ. ಒದ್ದೆ ಸ್ಪಂಜಿನಂಥ ಒಡಲು, ಮೇಲೆ ತೆಳ್ಳನೆಯ ಹೊದಿಕೆ. ಪೆಟ್ಟು ಬಿದ್ದರೆ ಸೀಳಲು, ಸೀಳಿದರೆ ಕೊಡಗಟ್ಟಲೆ ಸುರಿಯಲು ಇಷ್ಟು ಸಾಕು.

ತೆಗೆದರೂ ನಡೆಯುತ್ತದೆ ಎಂಬ ನಂಬಿಕೆ

ಗುಲ್ಮವಿಲ್ಲದೆಯೂ ಮನುಷ್ಯ ಬದುಕುತ್ತಾನೆ. ಹಾಗಾಗಿ ಸೀಳಿದ ಗುಲ್ಮವನ್ನು ಕತ್ತರಿಸಿ ತೆಗೆಯುವುದೇ ದೀರ್ಘಕಾಲ ಶಸ್ತ್ರಚಿಕಿತ್ಸೆಯ ನಿಯಮವಾಗಿತ್ತು. 1909ರಲ್ಲಿ ನೊಬೆಲ್ ಪಡೆದ ಸ್ವಿಟ್ಜರ್ಲೆಂಡಿನ ಥಿಯೋಡರ್ ಕೋಕರ್ ಅವರಂಥ ಮೇರು ಸರ್ಜನ್ನರೂ ಅದನ್ನು ತೆಗೆದರೆ ಕೇಡಿಲ್ಲ ಎಂದೇ ಬರೆದಿದ್ದರು.

ಕೇಡು ಇತ್ತು. ಅದು ತಡವಾಗಿ ಬರುತ್ತಿತ್ತು, ಅಷ್ಟೆ. 1952ರಲ್ಲಿ ಅಮೆರಿಕದ ಹೆರಾಲ್ಡ್ ಕಿಂಗ್ ಮತ್ತು ಹ್ಯಾರಿಸ್ ಶೂಮಾಕರ್, ಹುಟ್ಟಿನಿಂದ ಬಂದ ರಕ್ತದ ಕಾಯಿಲೆಗೆಂದು ಗುಲ್ಮ ತೆಗೆಸಿಕೊಂಡ ಐದು ಕೂಸುಗಳ ವಿಷಯ ಪ್ರಕಟಿಸಿದರು. ಆಮೇಲೆ ಆ ಕೂಸುಗಳನ್ನು ಗಂಭೀರ ಸೋಂಕು ಮುತ್ತಿತ್ತು. ಗುಲ್ಮವಿಲ್ಲದವರಿಗೆ ನ್ಯುಮೊಕಾಕಸ್‌ನಂಥ ಕವಚದ ಬ್ಯಾಕ್ಟೀರಿಯಾ ತಗುಲಿದರೆ, ಬೆಳಗ್ಗೆ ನೆಗಡಿಯಂತೆ ಶುರುವಾದದ್ದು ಒಂದೆರಡು ದಿನದೊಳಗೆ ಪ್ರಾಣಕ್ಕೇ ಬರಬಹುದು. ಇಂಥ ಸೋಂಕು ಅಪರೂಪ. ಬಂದಾಗ ಮಾತ್ರ ಅರ್ಧದಷ್ಟು ಜನ ಉಳಿಯುವುದಿಲ್ಲ. ಅದಕ್ಕೇ ಗುಲ್ಮ ತೆಗೆಸಿಕೊಂಡವರಿಗೆ ಲಸಿಕೆಗಳು ಕಡ್ಡಾಯ. ಮೊದಲೇ ಗೊತ್ತಿದ್ದ ಶಸ್ತ್ರಚಿಕಿತ್ಸೆಯಾದರೆ ಕನಿಷ್ಠ ಎರಡು ವಾರ ಮುಂಚೆ ಅವನ್ನು ಕೊಡಬೇಕು. ನಿಮ್ಮ ಮನೆಯಲ್ಲಿ ಹತ್ತು ವರ್ಷದ ಹಿಂದೆ ಗುಲ್ಮ ತೆಗೆಸಿಕೊಂಡವರಿದ್ದು, ಲಸಿಕೆಯ ಮಾತೇ ಬಂದಿಲ್ಲವಾದರೆ, ಈ ಪುಟ ಮಡಿಚಿಟ್ಟು ಮೊದಲು ಡಾಕ್ಟರನ್ನು ಕೇಳಿ ಬನ್ನಿ.

ಗುಲ್ಮವನ್ನು ಉಳಿಸಬಹುದು ಎಂಬ ಧೈರ್ಯ ಬಂದದ್ದು ಕೆನಡಾದ ಟೊರಾಂಟೊದ ಮಕ್ಕಳ ಆಸ್ಪತ್ರೆಯಿಂದ. ಅಲ್ಲಿನ ಜೇಮ್ಸ್ ಸಿಂಪ್ಸನ್ ಜತೆ ಸೇರಿ 1968ರಲ್ಲಿ ಈ ಬಗ್ಗೆ ಬರೆದವರು ಭಾರತದ ಪಿ. ಉಪಾಧ್ಯಾಯ, ಮುಂದೆ ದೆಹಲಿಯ ಏಮ್ಸ್‌ನಲ್ಲಿ ಮಕ್ಕಳ ಶಸ್ತ್ರಚಿಕಿತ್ಸೆಯನ್ನು ಬೆಳೆಸಿದವರು. ಗುಲ್ಮ ಸೀಳಿದ ಮಗುವಿನ ಹೊಟ್ಟೆ ತೆರೆದು ನೋಡಿದರೆ ಎಷ್ಟೋ ಸಲ ರಕ್ತಸ್ರಾವ ಆಗಲೇ ನಿಂತಿರುತ್ತಿತ್ತು. ಹಾಗಾದರೆ ತೆರೆಯುವುದೇಕೆ? ಮಗುವನ್ನು ಮಲಗಿಸಿ, ಕಣ್ಣಲ್ಲಿ ಕಣ್ಣಿಟ್ಟು ಕಾದರೆ ಸಾಲದೇ? ಸರ್ಜನ್ನರ ಲೋಕಕ್ಕೆ ಇದು ಒಗ್ಗದ ಮಾತಾಗಿತ್ತು. ಇವತ್ತು ಜಗತ್ತಿನಾದ್ಯಂತ ಅದೇ ಪದ್ಧತಿ.

ಕಾದರೂ ರಕ್ತ ನಿಲ್ಲದಿದ್ದರೆ ಏನು ಮಾಡಬೇಕು? ಬೈಕಿನ ಹುಡುಗನ ಪ್ರಶ್ನೆ ಬರುವುದು ಇಲ್ಲಿ.

ನಾಲೆಯ ನಕ್ಷೆ

ಹೃದಯದಿಂದ ಇಳಿದು ಬರುವ ಮಹಾಧಮನಿ ಹೊಟ್ಟೆಯ ಮೇಲ್ಭಾಗದಲ್ಲಿ ಒಂದು ಗಿಡ್ಡ ಕಾಂಡ ಬಿಡುತ್ತದೆ. ಅದು ಮೂರಾಗಿ ಕವಲೊಡೆದು ಯಕೃತ್ತಿಗೆ, ಜಠರಕ್ಕೆ, ಗುಲ್ಮಕ್ಕೆ ಹೋಗುತ್ತದೆ. ಗುಲ್ಮದ ಕವಲು ಮೇದೋಜೀರಕದ ಮೇಲಂಚಿನಲ್ಲಿ ಹಾವಿನಂತೆ ಸುತ್ತಿ ಬಳಸಿ ಸಾಗುತ್ತದೆ. ವಯಸ್ಸಾದಂತೆ ಸುತ್ತು ಹೆಚ್ಚುತ್ತದೆ.

ನೀರಾವರಿ ಊರಿನವರಿಗೆ ಇದು ಸುಲಭವಾಗಿ ಹಿಡಿಯುತ್ತದೆ. ದೊಡ್ಡ ನಾಲೆ ಗುಲ್ಮದತ್ತ ಹರಿಯುತ್ತಿದೆ. ಗದ್ದೆಬಯಲಿಗೆ ನೀರು ಬರುವುದು ಅದೊಂದರಿಂದಲೇ ಅಲ್ಲ. ಪಕ್ಕದ ಜಠರದ ಮೇಲೆ ಹರಡಿರುವ ಸಣ್ಣ ನಾಳಗಳು ಗುಲ್ಮದ ಬಾಗಿಲಲ್ಲಿ ಬಂದು ಕೂಡುತ್ತವೆ. ಜಠರದ ಕೆಳಅಂಚಿನಲ್ಲಿ ಬಲದಿಂದ ಎಡಕ್ಕೆ ಸುತ್ತಿ ಬರುವ ನಾಳವೂ ಅಲ್ಲಿಗೇ ಸೇರುತ್ತದೆ. ಮೇದೋಜೀರಕದೊಳಗಿನ ನಾಳಗಳು ನಾಲೆಯ ಮೇಲ್ಭಾಗವನ್ನೂ ಕೆಳಭಾಗವನ್ನೂ ಕಳ್ಳದಾರಿಯಂತೆ ಜೋಡಿಸುತ್ತವೆ. ಇವನ್ನೆಲ್ಲ ಒಟ್ಟಾಗಿ ಬಳಸುದಾರಿಗಳು ಎನ್ನೋಣ. ಸಾಮಾನ್ಯ ದಿನಗಳಲ್ಲಿ ಇವುಗಳಲ್ಲಿ ಹರಿವು ಅಷ್ಟಕ್ಕಷ್ಟೆ. ದೊಡ್ಡ ನಾಲೆ ನಿಂತ ಕೂಡಲೇ ಇವು ಎಚ್ಚರಗೊಳ್ಳುತ್ತವೆ.

ಗುಲ್ಮದ ಒಳಕ್ಕೆ ಕಾಲಿಟ್ಟರೆ ನಕ್ಷೆ ಪೂರ್ತಿ ಬದಲಾಗುತ್ತದೆ. ಒಳಗೆ ನಾಳ ಕವಲೊಡೆದು, ಪ್ರತಿ ಕವಲೂ ತನ್ನ ಪಾಲಿನ ತುಂಡಿಗೆ ಮಾತ್ರ ರಕ್ತ ಕೊಡುತ್ತದೆ. ಪಕ್ಕದ ಕವಲಿನೊಂದಿಗೆ ಕೊಡುಕೊಳ್ಳುವಿಕೆ ಇಲ್ಲವೆನ್ನುವಷ್ಟು ಕಡಿಮೆ. ಹೊಲಗಾಲುವೆಗಳ ಹಾಗೆ: ನನ್ನ ಕಾಲುವೆ ಕಟ್ಟಿದರೆ ನನ್ನ ಗದ್ದೆ ಒಣಗುತ್ತದೆ, ಬದುವಿನ ಆಚೆ ನಿಮ್ಮ ಗದ್ದೆಯಲ್ಲಿ ನೀರು ನಿಂತಿದ್ದರೂ ನನಗೆ ಬಾರದು.

ಹೊರಗೆ ಹಲವು ದಾರಿ, ಒಳಗೆ ಒಂದೇ. ಹೃದಯದ ಸ್ನಾಯುವಿಗೆ ಬಳಸುದಾರಿಗಳ ಈ ಆಸರೆ ಬಹಳ ಕಡಿಮೆ. ಅದಕ್ಕೇ ಅಲ್ಲಿ ನಾಳ ದಿಢೀರನೆ ಮುಚ್ಚಿದರೆ ಸಾವಿನ ಭಯ. ಮುಂದೆ ಹೇಳುವ ಚಿಕಿತ್ಸೆಗಳೆಲ್ಲ ಈ ನಕ್ಷೆಯನ್ನು ಹಿಡಿದೇ ನಡೆಯುವಂಥವು.

ಬಿರಡೆ ಎಲ್ಲಿ ಹಾಕಬೇಕು?

ಸೀಳಿದ ಗುಲ್ಮಕ್ಕೆ ಬೇಕಾದದ್ದು ಒತ್ತಡ ತಗ್ಗುವುದು. ಏರಿಯಲ್ಲಿ ಬಿರುಕು ಬಿಟ್ಟು ನೀರು ನುಗ್ಗುತ್ತಿರುವಾಗ ಮಣ್ಣು ಹಾಕಿದರೆ ಕೊಚ್ಚಿಹೋಗುತ್ತದೆ. ಮೇಲೆ ತೂಬು ಮುಚ್ಚಿ ರಭಸ ಇಳಿಸಿದರೆ ಅದೇ ಮಣ್ಣು ನಿಲ್ಲುತ್ತದೆ. ದೇಹದ ಮಣ್ಣು ಎಂದರೆ ಹೆಪ್ಪುಗಟ್ಟುವ ರಕ್ತ. ದೊಡ್ಡ ನಾಲೆಯನ್ನು ಸರಿಯಾದ ಜಾಗದಲ್ಲಿ, ಅಂದರೆ ಮೇದೋಜೀರಕದ ಕಳ್ಳದಾರಿಯ ಒಂದು ತುದಿ ಮೇಲಕ್ಕೂ ಇನ್ನೊಂದು ತುದಿ ಕೆಳಕ್ಕೂ ಉಳಿಯುವ ಹಾಗೆ, ನಡುವೆ ಮುಚ್ಚಿದರೆ ರಭಸ ನಿಲ್ಲುತ್ತದೆ. ಬಳಸುದಾರಿಗಳಿಂದ ಮೆಲ್ಲಗೆ ಬರುವ ರಕ್ತ ಗುಲ್ಮವನ್ನು ಬದುಕಿಸುತ್ತದೆ, ಗಾಯವನ್ನು ಮಾತ್ರ ಕೆದಕುವುದಿಲ್ಲ. ಬೈಕಿನ ಹುಡುಗನ ಮನೆಯವರ ಸಂದೇಹಕ್ಕೆ ಉತ್ತರ ಇದು.

ಇಂಗ್ಲಿಷಿನಲ್ಲಿ ಎಂಬೊಲೈಸೇಷನ್ ಎನ್ನುವ ಈ ಕ್ರಮವನ್ನು ಬಿರಡೆ ಚಿಕಿತ್ಸೆ ಎನ್ನಬಹುದು. ಬೇಕಾದ ಹತಾರಗಳು ಒಂದೊಂದಾಗಿ ಬಂದವು. ಸೂಜಿ ಚುಚ್ಚಿ, ಅದರೊಳಗೆ ತಂತಿ ತೂರಿಸಿ, ಸೂಜಿ ಎಳೆದು, ತಂತಿಯ ಮೇಲೆ ಕೊಳವೆಯನ್ನು ಜಾರಿಸುವ ಸರಳ ಉಪಾಯವನ್ನು ಸ್ವೀಡನ್ನಿನ ಸ್ವೆನ್ ಇವಾರ್ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದರು. ಲಾಡಿ ಹಾಕುವಾಗ ಮೊದಲು ಕಡ್ಡಿ ತೂರಿಸಿ ಅದರ ಬೆನ್ನಿಗೆ ಲಾಡಿ ಎಳೆಯುವವರಿಗೆ ಇದನ್ನು ವಿವರಿಸಬೇಕಿಲ್ಲ. 1975ರಲ್ಲಿ ಇಟಲಿ ಮೂಲದ ಚೆಸಾರೆ ಜಾನ್‌ತುರ್ಕೊ ಮತ್ತು ಸಂಗಡಿಗರು ಅಮೆರಿಕದಲ್ಲಿ ಉಕ್ಕಿನ ಪುಟ್ಟ ಸುರುಳಿ ಮಾಡಿದರು. ಕೊಳವೆಯೊಳಗೆ ನೆಟ್ಟಗಿರುವ ಸುರುಳಿ ಹೊರಬಿದ್ದೊಡನೆ ಸ್ಪ್ರಿಂಗಿನಂತೆ ಸುತ್ತಿಕೊಂಡು ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ರಕ್ತ ಬೇಗ ಹೆಪ್ಪುಗಟ್ಟಲಿ ಎಂದು ಅದಕ್ಕೆ ಕಟ್ಟಿದ್ದು ಉಣ್ಣೆಯ ಎಳೆಗಳನ್ನು. ಈಗ ಉಣ್ಣೆಯ ಬದಲು ಕೃತಕ ನಾರು ಬಂದಿದೆ, ಉಕ್ಕಿನ ಜಾಗಕ್ಕೆ ಬಹುಪಾಲು ಪ್ಲಾಟಿನಂ ಬಂದಿದೆ. ಪೆಟ್ಟಾದ ಗುಲ್ಮವನ್ನು ಹೀಗೆ ಉಳಿಸಬಹುದೆಂದು ನ್ಯೂಯಾರ್ಕಿನ ಸಾಲ್ವತೋರೆ ಸ್ಕ್ಲಫಾನಿ 1981ರಲ್ಲಿ ತೋರಿಸಿದರು.

ಮಲಗಿದ ರೋಗಿಗೆ ಚುಚ್ಚಿದ ಜಾಗವಷ್ಟೇ ಮರಗಟ್ಟಿರುತ್ತದೆ, ಎಚ್ಚರವಿರುತ್ತದೆ. ಮಣಿಕಟ್ಟಿನಿಂದಲೋ ತೊಡೆಸಂದಿನಿಂದಲೋ ಎರಡು ಮಿಲಿಮೀಟರಿಗಿಂತ ಸಣ್ಣ ಕೊಳವೆ ಒಳಹೋಗುತ್ತದೆ. ಕಿರಣ ತಡೆಯುವ ದ್ರವ ಬಿಟ್ಟಾಗ ಎಕ್ಸ್‌ರೇ ಪರದೆಯ ಮೇಲೆ ನಾಲೆಯ ನಕ್ಷೆ ಕಪ್ಪಗೆ ಮೂಡುತ್ತದೆ, ಸೋರುವ ಕಡೆ ಹೊಗೆಯಂತೆ ಹರಡುತ್ತದೆ. ಸೋರಿಕೆ ಒಂದೇ ಕವಲಿನದಾದರೆ ಇನ್ನೂ ತೆಳುವಾದ ಎಳೆಗೊಳವೆಯನ್ನು ಒಳಗಿನ ಕವಲಿಗೇ ಒಯ್ದು ಅದನ್ನಷ್ಟೇ ಮುಚ್ಚಬಹುದು. ಆಗ ಆ ಒಂದು ಗದ್ದೆ ಒಣಗುತ್ತದೆ. ಕೆಲವು ದಿನ ಜ್ವರ, ಎಡಪಕ್ಕೆಯಲ್ಲಿ ನೋವು ಬರುವುದು ಸಾಮಾನ್ಯ. ಅಪರೂಪಕ್ಕೆ ಒಣಗಿದ ಭಾಗ ಕೀವಾಗುವುದೂ ಉಂಟು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಇದೆಲ್ಲ ರಕ್ತದೊತ್ತಡ ಹಿಡಿತದಲ್ಲಿರುವವರಿಗೆ. ರಕ್ತ ಕೊಟ್ಟರೂ ಒತ್ತಡ ಕುಸಿಯುತ್ತಿದ್ದರೆ ಹೊಟ್ಟೆ ತೆರೆದು ಗುಲ್ಮ ತೆಗೆಯುವುದೇ ಜೀವ ಉಳಿಸುವ ದಾರಿ. ಅಂಥ ಹೊತ್ತಿನಲ್ಲಿ ‘ಕೊಯ್ಯದೆ ಮಾಡಿ’ ಎಂದು ಹಟ ಹಿಡಿಯಬಾರದು.

ಅಧ್ಯಕ್ಷರ ಎಡಪಕ್ಕೆ

1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಗುಂಡೇಟು ತಿಂದರು. ಗುಂಡು ಬೆನ್ನಿನ ಬಲಗಡೆಯಿಂದ ಹೊಕ್ಕಿತ್ತು. ವೈದ್ಯರು ತೊಳೆಯದ ಬೆರಳು ಹಾಕಿ ಹುಡುಕಿದರು. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಲೋಹ ಪತ್ತೆಯ ಉಪಕರಣ ತಂದರೂ, ಹುಡುಕಿದ್ದು ವೈದ್ಯರು ನಂಬಿದ್ದ ಬಲಗಡೆಯಲ್ಲೇ. ಗುಂಡು ಬೆನ್ನೆಲುಬನ್ನು ದಾಟಿ ಎಡಕ್ಕೆ, ಮೇದೋಜೀರಕದ ಹತ್ತಿರ ಕುಳಿತಿತ್ತು. 79 ದಿನ ನರಳಿದ ಅವರು ಸೆಪ್ಟೆಂಬರ್ 19ರ ರಾತ್ರಿ ಇದ್ದಕ್ಕಿದ್ದಂತೆ ಎದೆನೋವೆಂದು ಕೂಗಿ ಪ್ರಾಣ ಬಿಟ್ಟರು. ಸೋಂಕು ಅವರನ್ನು ಹಣ್ಣು ಮಾಡಿತ್ತು, ನಿಜ. ಶವಪರೀಕ್ಷೆಯಲ್ಲಿ ಕಂಡ ಕೊನೆಯ ಪೆಟ್ಟು ಬೇರೆ: ಗುಂಡಿನ ಜಾಡಿನಲ್ಲಿ ಗಾಯಗೊಂಡಿದ್ದ ಗುಲ್ಮದ ನಾಳ ಉಬ್ಬಿ, ಆ ಉಬ್ಬು ಒಡೆದಿತ್ತು.

ನಾಳದ ಗೋಡೆ ಸೋತು ಹೊರಚಾಚುವುದನ್ನು ನಾಳದುಬ್ಬು, ಅಂದರೆ ಅನ್ಯೂರಿಸಂ, ಎನ್ನಬಹುದು. ಗಾರ್‌ಫೀಲ್ಡ್ ಅವರದು ಹುಸಿ ಉಬ್ಬು. ನಾಳದ ಗೋಡೆ ಹರಿದು, ಹೊರಗೆ ಸೋರಿದ ರಕ್ತವನ್ನು ಸುತ್ತಲಿನ ಅಂಗಾಂಶವಷ್ಟೇ ತಡೆದು ನಿಲ್ಲಿಸಿದ ಚೀಲ ಅದು. ಪೆಟ್ಟಿನಿಂದ ಅಥವಾ ಮೇದೋಜೀರಕದ ಉರಿಯೂತದಿಂದ ಇಂಥದ್ದು ಹುಟ್ಟುತ್ತದೆ. ಗಾತ್ರ ಎಷ್ಟೇ ಇರಲಿ, ಅದನ್ನು ನಂಬುವಂತಿಲ್ಲ.

ಸೈಕಲ್ ಟ್ಯೂಬು ಒಂದು ಕಡೆ ಸವೆದು ಗುಳ್ಳೆ ಎದ್ದದ್ದನ್ನು ನೋಡಿದ್ದೀರಿ. ಗಾಳಿ ಹೊಡೆದಷ್ಟೂ ಆ ಗುಳ್ಳೆಯೇ ಬೆಳೆಯುತ್ತದೆ, ಉಳಿದ ಟ್ಯೂಬು ಹಾಗೇ ಇರುತ್ತದೆ. ಒಳಗಿನ ಒತ್ತಡ ಎಲ್ಲೆಡೆ ಒಂದೇ ಆದರೂ, ಅಗಲ ಹೆಚ್ಚಿದಷ್ಟೂ ಗೋಡೆಯ ಮೇಲಿನ ಎಳೆತ ಹೆಚ್ಚು. ಎಳೆತ ಹೆಚ್ಚಿದಂತೆ ಗೋಡೆ ತೆಳು. ತೆಳುವಾದಂತೆ ಮತ್ತಷ್ಟು ಅಗಲ. ಹೊಟ್ಟೆಯ ಒಳಾಂಗಗಳ ನಾಳಗಳಲ್ಲಿ ಹೀಗೆ ಉಬ್ಬುವವುಗಳ ಪೈಕಿ ಗುಲ್ಮದ ನಾಳದ್ದೇ ಸಿಂಹಪಾಲು, ಸುಮಾರು ಶೇ. 60. ಗಂಡಸರಿಗಿಂತ ಹೆಂಗಸರಲ್ಲಿ ನಾಲ್ಕು ಪಟ್ಟು ಹೆಚ್ಚು, ಅದರಲ್ಲೂ ಹಲವು ಹೆರಿಗೆ ಕಂಡವರಲ್ಲಿ. ಬಸುರಿನಲ್ಲಿ ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಏರುತ್ತದೆ. ಹೆರಿಗೆಗೆಂದು ಕಟ್ಟುಗಳನ್ನು ಸಡಿಲಿಸುವ ಹಾರ್ಮೋನುಗಳು ನಾಳದ ಗೋಡೆಯ ನಾರನ್ನೂ ಸಡಿಲಿಸುತ್ತವೆ ಎಂಬುದು ವೈದ್ಯರ ವಿವರಣೆ.

ಹುಸಿಯಲ್ಲದ ಈ ಉಬ್ಬುಗಳಲ್ಲಿ ಬಹುಪಾಲು ಬೇರಾವುದಕ್ಕೋ ಮಾಡಿಸಿದ ಸ್ಕ್ಯಾನಿನಲ್ಲಿ ಅಕಸ್ಮಾತ್ ಸಿಗುವಂಥವು. ಎರಡು ಸೆಂಟಿಮೀಟರ್ ದಾಟಿದರೆ ಚಿಕಿತ್ಸೆ ಎಂಬುದು ಬಹುಕಾಲದ ರೂಢಿ. ಅಮೆರಿಕದ ರಕ್ತನಾಳ ಸರ್ಜನ್ನರ ಸಂಘ 2020ರ ಮಾರ್ಗಸೂಚಿಯಲ್ಲಿ ಅದನ್ನು ಮೂರಕ್ಕೆ ಏರಿಸಿತು. ಆದರೆ ಮಗು ಹೆರುವ ವಯಸ್ಸಿನ ಹೆಂಗಸರಿಗೆ ಎಷ್ಟೇ ಸಣ್ಣದಿದ್ದರೂ ಚಿಕಿತ್ಸೆ ಮಾಡಬೇಕೆಂದಿತು. ಕಾರಣ ಕರುಳು ಹಿಂಡುವಂಥದ್ದು: ಬಸುರಿನಲ್ಲಿ ಉಬ್ಬು ಒಡೆದ ಹಿಂದಿನ ವರದಿಗಳಲ್ಲಿ ನಾಲ್ವರು ತಾಯಂದಿರಲ್ಲಿ ಮೂವರಷ್ಟು ಉಳಿದಿಲ್ಲ, ಮಕ್ಕಳು ಉಳಿದದ್ದು ಇನ್ನೂ ಕಡಿಮೆ.

ಒಡೆಯುವಾಗ ಕೆಲವೊಮ್ಮೆ ಅದು ಒಂದು ಅವಕಾಶ ಕೊಡುತ್ತದೆ. ರಕ್ತ ಮೊದಲು ಜಠರದ ಹಿಂದಿನ ಚೀಲದಂಥ ಜಾಗಕ್ಕೆ ನುಗ್ಗಿ, ಅಲ್ಲಿ ತುಂಬಿ, ಒತ್ತಡಕ್ಕೆ ತಾನೇ ನಿಲ್ಲುತ್ತದೆ. ಎಡಗಡೆ ಹೊಟ್ಟೆಯ ಮೇಲ್ಭಾಗದಲ್ಲಿ ಥಟ್ಟನೆ ನೋವು, ಕೆಲವರಿಗೆ ಎಡಭುಜದ ತುದಿಯಲ್ಲೂ ನೋವು, ತಲೆಸುತ್ತು. ಆಮೇಲೆ ಸುಧಾರಿಸಿದಂತೆ ಕಾಣುತ್ತದೆ. ಕೆಲವು ಗಂಟೆಗಳ ನಂತರ, ಒಮ್ಮೊಮ್ಮೆ ದಿನಗಳ ನಂತರ, ಎರಡನೆಯ ಸಲ ಒಡೆದು ಇಡೀ ಹೊಟ್ಟೆಯೊಳಕ್ಕೆ ಸುರಿಯುತ್ತದೆ. ಒಡೆದ ನಾಲ್ಕರಲ್ಲಿ ಒಂದು ಹೀಗೆ ಎರಡು ಹಂತದಲ್ಲಿ ಒಡೆಯುತ್ತದೆ. ತುಂಬು ಬಸುರಿಯ ಇಂಥ ನೋವನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕುವ ಮುನ್ನ ಈ ನಡುವಿನ ಗಂಟೆಗಳ ಬೆಲೆ ನೆನಪಾಗಬೇಕು.

ಎರಡು ಬಾಗಿಲು

ಉಬ್ಬನ್ನು ಮುಚ್ಚುವಾಗ ಬಳಸುದಾರಿಗಳು ಎದುರಾಳಿಯಾಗುತ್ತವೆ. ಉಬ್ಬಿನ ಮುಂಬಾಗಿಲಿಗೆ, ಅಂದರೆ ಹೃದಯದ ಕಡೆಗೆ, ಸುರುಳಿ ಹಾಕಿ ಸುಮ್ಮನಾದರೆ, ಜಠರದ ನಾಳಗಳಿಂದ ಗುಲ್ಮದ ಬಾಗಿಲಿಗೆ ಬಂದ ರಕ್ತ ಹಿಮ್ಮುಖವಾಗಿ ಹರಿದು ಹಿತ್ತಿಲ ಬಾಗಿಲಿನಿಂದ ಉಬ್ಬನ್ನು ಮತ್ತೆ ತುಂಬುತ್ತದೆ. ಹಾಗಾಗಿ ಎಳೆಗೊಳವೆಯನ್ನು ಉಬ್ಬಿನ ಆಚೆಗೆ ದಾಟಿಸಿ, ಮೊದಲು ಹಿತ್ತಿಲ ಬಾಗಿಲು ಮುಚ್ಚಿ, ಹಿಂದೆ ಸರಿಯುತ್ತ ಮುಂಬಾಗಿಲು ಮುಚ್ಚಬೇಕು. ಹಾವಿನಂತೆ ಸುತ್ತಿರುವ ನಾಳದಲ್ಲಿ ಕೊಳವೆಯನ್ನು ಅಷ್ಟು ದೂರ ಒಯ್ಯುವುದೇ ಈ ವಿದ್ಯೆಯ ಕಷ್ಟದ ಭಾಗ. ಎರಡೂ ಬಾಗಿಲು ಮುಚ್ಚಿದ ಮೇಲೆ ಅವೇ ಬಳಸುದಾರಿಗಳು ಮಿತ್ರರಾಗಿ ಗುಲ್ಮವನ್ನು ಸಾಕುತ್ತವೆ. ನಾಳ ಸ್ವಲ್ಪ ನೇರವಿದ್ದರೆ ಹೊದಿಕೆಯಿರುವ ಸ್ಟೆಂಟನ್ನು ಕೊಳವೆಯೊಳಗೊಂದು ಕೊಳವೆಯಂತೆ ಕೂರಿಸಿ, ಹರಿವನ್ನು ಉಳಿಸಿಕೊಂಡೇ ಉಬ್ಬನ್ನು ಹೊರಗಿಡಬಹುದು. ಎಳೆಗೊಳವೆಯೂ ತಲುಪದ ಸಂದಿಗೆ ಫೆವಿಕ್ವಿಕ್ ಕುಲಕ್ಕೇ ಸೇರಿದ ಒಂದು ವೈದ್ಯಕೀಯ ಅಂಟನ್ನು ಹರಿಸುವುದುಂಟು. ಮುಚ್ಚಿದ ನಾಳ ಮತ್ತೆ ತೆರೆದುಕೊಳ್ಳುವ ಸಾಧ್ಯತೆ ಇರುವುದರಿಂದ ಆಮೇಲೂ ಸ್ಕ್ಯಾನ್ ತಪ್ಪಿಸಬಾರದು.

ಬಣ್ಣ ತೋರಿಸುವ ಗಡಿ

ತೊಂದರೆ ಗುಲ್ಮದೊಳಗೇ ಇದ್ದಾಗ, ಉದಾಹರಣೆಗೆ ರಕ್ತನಾಳಗಳೇ ಮುದ್ದೆಯಾಗಿ ಬೆಳೆದ ಗಂಟು ದೊಡ್ಡದಾದಾಗ, ಸರ್ಜನ್ ಬೇಕು. ಅವರಿಗೂ ಈಗ ಹೊಟ್ಟೆಯ ಉದ್ದಕ್ಕೆ ಕೊಯ್ಯಬೇಕಿಲ್ಲ. 1991ರಲ್ಲಿ ಪ್ಯಾರಿಸಿನ ಬರ್ನಾರ್ ದೆಲೆತ್ರ್ ಕ್ಯಾಮೆರಾ ಇಳಿಸಿ ಸಣ್ಣ ರಂಧ್ರಗಳಿಂದಲೇ ಗುಲ್ಮ ತೆಗೆದದ್ದನ್ನು ವರದಿ ಮಾಡಿದರು. ಈ ಕಿಂಡಿ ಶಸ್ತ್ರಚಿಕಿತ್ಸೆಯಲ್ಲಿ ರೋಗಿಯನ್ನು ಬಲಮಗ್ಗುಲಿಗೆ ಮಲಗಿಸುತ್ತಾರೆ, ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ ಜಾಗ ಮಾಡಿಕೊಳ್ಳುತ್ತಾರೆ, ಬಿಡಿಸಿದ ಗುಲ್ಮವನ್ನು ಒಳಗೇ ಚೀಲಕ್ಕೆ ಹಾಕಿ ನುರಿದು ಹೊರತೆಗೆಯುತ್ತಾರೆ. ಕ್ಯಾನ್ಸರಿನ ಅನುಮಾನವಿದ್ದರೆ ನುರಿಯುವಂತಿಲ್ಲ, ಇಡಿಯಾಗಿಯೇ ತೆಗೆಯಬೇಕು. ಚೀಲ ಬೇಕಾಗುವುದಕ್ಕೆ ಸ್ವಾರಸ್ಯದ ಇನ್ನೊಂದು ಕಾರಣವೂ ಇದೆ: ಹೊಟ್ಟೆಯಲ್ಲಿ ಚೆಲ್ಲಿದ ಗುಲ್ಮದ ಚೂರುಗಳು ಬಿದ್ದಲ್ಲೇ ಬೇರೂರಿ ಬೆಳೆಯಬಲ್ಲವು.

ನನಗೆ ಹೆಚ್ಚು ಇಷ್ಟವಾಗುವುದು ಅರ್ಧ ಗುಲ್ಮವನ್ನು ಉಳಿಸುವ ಶಸ್ತ್ರಚಿಕಿತ್ಸೆ. 1962ರಲ್ಲಿ ಬ್ರೆಜಿಲ್ಲಿನ ಮಾರ್ಸೆಲೊ ಕಾಂಪೊಸ್ ಕ್ರಿಸ್ತೊ ತೆರೆದ ಹೊಟ್ಟೆಯಲ್ಲಿ ಮಾಡಿ ತೋರಿಸಿದ್ದನ್ನು ಈಗ ಕಿಂಡಿಗಳಿಂದಲೇ ಮಾಡುತ್ತಾರೆ. ಒಳಗಿನ ನಕ್ಷೆಯ ನಿಯಮ ಇಲ್ಲಿ ಕಣ್ಣಿಗೇ ಕಾಣುತ್ತದೆ. ಗಂಟಿರುವ ತುಂಡಿನ ಕವಲನ್ನು ಮಾತ್ರ ಕ್ಲಿಪ್ ಹಾಕಿ ಮುಚ್ಚಿ, ಸರ್ಜನ್ ಕೈ ಕಟ್ಟಿ ಕಾಯುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಆ ತುಂಡು ಕಂದುತ್ತದೆ, ಪಕ್ಕದ್ದು ಮೊದಲಿನ ಬಣ್ಣದಲ್ಲೇ ಉಳಿಯುತ್ತದೆ. ನಡುವೆ ಗೆರೆ ಎಳೆದಂತೆ ಗಡಿ. ನೀರು ಬರುವುದು ನಿಂತ ಗದ್ದೆ ಯಾವುದೆಂದು ಬದುವೇ ತೋರಿಸಿದ ಹಾಗೆ. ಆ ಗೆರೆಯ ಒಳಮಗ್ಗುಲಲ್ಲಿ, ಕಂದಿದ ಕಡೆಯೇ ಕತ್ತರಿಸಿದರೆ ರಕ್ತ ಕಡಿಮೆ, ಉಳಿದ ಗುಲ್ಮ ಕ್ಷೇಮ.

ಒಂದು ಹನಿ ರಕ್ತ

ಬೈಕಿನ ಹುಡುಗನ ಗುಲ್ಮ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ಕೆಲವು ವಾರಗಳ ನಂತರ ತಿಳಿಯುವುದು ಹೇಗೆ? ಬೆರಳಿನ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಎಳೆಯ ಕೆಂಪುಕಣಗಳಲ್ಲಿ ಕೆಲವು ಹುಟ್ಟುವಾಗ ತಮ್ಮ ಬೀಜಕೇಂದ್ರದ ಚೂರೊಂದನ್ನು ಉಳಿಸಿಕೊಂಡು ಬರುತ್ತವೆ. ಬಣ್ಣ ಹಾಕಿದಾಗ ಅದು ಕಣದೊಳಗೆ ಕಡುನೀಲಿ ಚುಕ್ಕೆಯಾಗಿ ಕಾಣುತ್ತದೆ. ಗುರುತಿಸಿದ ಇಬ್ಬರ ಹೆಸರಿನಲ್ಲಿ ಹೋವೆಲ್-ಜಾಲಿ ಚುಕ್ಕೆ ಎನ್ನುತ್ತಾರೆ. ಹುಣಿಸೆಬೀಜ ತೆಗೆಯುವಂತೆ ಗುಲ್ಮ ತೆಗೆದುಹಾಕುವ ಕಸ ಇದೇ. ಗುಲ್ಮವಿಲ್ಲದವರ ರಕ್ತದಲ್ಲಿ ಈ ಚುಕ್ಕೆಗಳು ಉಳಿದುಬಿಡುತ್ತವೆ.

ದೊಡ್ಡ ನಾಳ ಮುಚ್ಚಿಸಿಕೊಂಡ ಬಹುಪಾಲು ಜನರ ರಕ್ತದಲ್ಲಿ ಚುಕ್ಕೆಗಳು ಕಾಣುವುದಿಲ್ಲ. ನಾಲೆಯಲ್ಲಿ ಪ್ಲಾಟಿನಂ ಸುರುಳಿ ಕುಳಿತಿದೆ. ಜಠರದ ಬದಿಯಿಂದ, ಮೇದೋಜೀರಕದ ಒಳದಾರಿಯಿಂದ ರಕ್ತ ಮೆಲ್ಲಗೆ ಬರುತ್ತಿದೆ. ಕಣಗಳು ಒಂದೊಂದಾಗಿ ಸೀಳಿನಲ್ಲಿ ನುಸುಳಿ, ಕಸ ಕಳೆದುಕೊಂಡು, ಶುಭ್ರವಾಗಿ ಆಚೆ ಬೀಳುತ್ತಿವೆ.